ಪ್ರಕಾಶನ ಮುಚ್ಚಿದ ಮೇಲೆ ಪುಸ್ತಕದ ಹಕ್ಕು ಯಾರದು? ನಾನು ಹುಡುಕಿದ ಬಗೆ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡುವ ಕೆಲಸದಲ್ಲಿದ್ದೇನೆ. ಲೇಖಕರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಕಳೆದಿದ್ದರೆ ಹಕ್ಕಿನ ಅವಧಿ ಮುಗಿದಿರುತ್ತದೆ, ಚಿಂತೆಯಿಲ್ಲ. ಕಷ್ಟವಿರುವುದು ಆಮೇಲೆ ತೀರಿಕೊಂಡವರ ಪುಸ್ತಕಗಳಲ್ಲಿ. ಪ್ರಕಾಶನ ಎಂದೋ ಬಾಗಿಲು ಹಾಕಿರುತ್ತದೆ. ಅನುಮತಿ ಯಾರನ್ನು ಕೇಳೋದು?

1940ರ ದಶಕದಲ್ಲಿ ಧಾರವಾಡದಲ್ಲಿ ಅಚ್ಚಾದ ಒಂದು ಕಾದಂಬರಿಯ ಕತೆ ಹೇಳುತ್ತೇನೆ. 'ಎಲ್ಲ ಹಕ್ಕುಗಳನ್ನು ಕಾದಿರಿಸಿದೆ' ಅಂತ ಅದರಲ್ಲಿತ್ತು. ಯಾರ ಹಕ್ಕು ಅಂತ ಇರಲಿಲ್ಲ. ಪ್ರಕಾಶಕರ ಮಾತು, ಲೇಖಕರ ಅರಿಕೆ, ಕೊನೆಯ ಪುಟದ 'ನಮ್ಮ ಇತರ ಪ್ರಕಟಣೆಗಳು' ಎಲ್ಲವನ್ನೂ ಓದಿದೆ. ಊರು, ಓಣಿ, ಪಾಲುದಾರರ ಹೆಸರು ಸಿಗೋದು ಇಂಥ ಕಡೆಯೇ.

ಜಾಸ್ತಿ ನೆರವಾದದ್ದು ಬ್ರಿಟಿಷರ ಕಾಲದ ತ್ರೈಮಾಸಿಕ ಪುಸ್ತಕ ಪಟ್ಟಿ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಂತೆ ಪ್ರತಿ ಪ್ರಾಂತ್ಯದ ಸರ್ಕಾರವೂ ಅಚ್ಚಾದ ಪುಸ್ತಕಗಳನ್ನು ದಾಖಲಿಸಬೇಕಿತ್ತು. ಪುಟ, ಬೆಲೆ, ಪ್ರತಿಗಳ ಸಂಖ್ಯೆ, ಮುದ್ರಕರು, ಕೊನೆಗೆ ಹಕ್ಕುದಾರರ ಹೆಸರು ಮತ್ತು ವಾಸದ ಊರು! ಧಾರವಾಡದ ಪುಸ್ತಕವನ್ನು ಮುಂಬಯಿ ಪ್ರಾಂತ್ಯದ ಪಟ್ಟಿಯಲ್ಲಿ ನೋಡಬೇಕು, ಮಂಗಳೂರಿನದನ್ನು ಮದ್ರಾಸಿನದರಲ್ಲಿ. ನಮ್ಮ ಕಾದಂಬರಿಯ ಸಾಲಿನಲ್ಲಿ ಹಕ್ಕುದಾರರು ಅಂತ ಲೇಖಕರ ಹೆಸರೇ ಇತ್ತು.

ಅಷ್ಟಕ್ಕೇ ನಿಲ್ಲಿಸಲಿಲ್ಲ. ಹಕ್ಕು ಆಮೇಲೆ ಕೈ ಬದಲಾಗಿರಬಹುದು ಅಲ್ವಾ? ಪ್ರಕಾಶಕರ ಮೊಮ್ಮಗನನ್ನು ಹುಡುಕಿ ಕೇಳಿದೆ. "ಅಜ್ಜಾರು ಕರಾರು ಪತ್ರ ಬರಸ್ತಿದ್ದಿಲ್ಲರಿ, ಎಲ್ಲಾ ಬಾಯಿಮಾತಿನ ಮ್ಯಾಲೆ" ಅಂದರು. ಆಗಿದ್ದ 1911ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯಿದೆಯಾಗಲಿ, ಈಗಿರುವ 1957ರದ್ದಾಗಲಿ, ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು ಅನ್ನುತ್ತವೆ. ಪತ್ರವಿಲ್ಲ ಅಂದರೆ ಹಕ್ಕು ಲೇಖಕರ ಮನೆಯಲ್ಲೇ ಉಳಿದಿದೆ. ಪ್ರಕಾಶನ ಮುಚ್ಚಿದೆ ಅಂತ ಎಷ್ಟೋ ಒಳ್ಳೆಯ ಪುಸ್ತಕಗಳನ್ನು ನಮ್ಮವರು ಸುಮ್ನೆ ಕೈಬಿಡುತ್ತಾರೆ. ನನಗೆ ಇದು ನಿಜಕ್ಕೂ ಸಂಕಟ.

ಹಕ್ಕು ಬಿಟ್ಟುಕೊಟ್ಟ ಪತ್ರ ಸಿಕ್ಕಿದ್ದರೆ ದಾರಿ ಬೇರೆ. ಒಬ್ಬರದೇ ಪ್ರಕಾಶನವಾದರೆ ಅವರ ವಾರಸುದಾರರನ್ನು ಕೇಳಬೇಕು. ಪಾಲುದಾರಿಕೆಯಾಗಿದ್ದು ನೋಂದಣಿ ಆಗಿದ್ದರೆ ಪಾಲುದಾರರ ಹೆಸರು ಪಾಲುದಾರಿಕೆ ಸಂಸ್ಥೆಗಳ ನೋಂದಣಿ ಕಚೇರಿಯಲ್ಲಿರುತ್ತದೆ.

ನಮ್ಮ ಕಾದಂಬರಿಗೆ ಲೇಖಕರ ಮಕ್ಕಳೆಲ್ಲ ಒಂದೇ ಅನುಮತಿ ಪತ್ರಕ್ಕೆ ಸಹಿ ಹಾಕಿಕೊಟ್ಟರು. ಒಬ್ಬರ ಸಹಿ ಸಾಲದು, ಹಕ್ಕು ಎಲ್ಲರಿಗೂ ಸೇರಿದ್ದು. ಮುಖಪುಟದ ಚಿತ್ರ ಮಾತ್ರ ಬೇರೊಬ್ಬ ಕಲಾವಿದರದು, ಅದರ ಹಕ್ಕು ಬೇರೆಯೇ. ಅವರ ಮನೆಯವರು ಸಿಗುವ ತನಕ ಮುಖಪುಟ ಬಿಟ್ಟು ಒಳಪುಟಗಳನ್ನಷ್ಟೇ ಹಾಕಿದ್ದೇವೆ.