ಬರೀ ಆರು ಸಾವಿರ ಕಿಲೋಮೀಟರ್ ಓಡಿದ ಸೂಪರ್‌ಬೈಕ್: ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಮುನ್ನ

ಸೆಕೆಂಡ್ ಹ್ಯಾಂಡ್ ದೊಡ್ಡ ಬೈಕ್ ಮಾರುವವರು ಮೊದಲು ಹೇಳುವುದು ಕಿಲೋಮೀಟರ್ ಲೆಕ್ಕ. "ಬರೀ ಆರು ಸಾವಿರ ಓಡಿದೆ ಸರ್." ಎಷ್ಟು ವರ್ಷದಲ್ಲಿ ಆರು ಸಾವಿರ ಎಂದು ತಿರುಗಿ ಕೇಳಿ. 2018ರ ಗಾಡಿಯಾದರೆ ಅದು ಬಹುಪಾಲು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದುಕೊಂಡು ನಿಂತಿತ್ತು ಎಂದೇ ತಿಳಿಯಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಾವಿರ ಸಿಸಿ ಗಾಡಿಯ ಬಿಸಿಗೆ ತೊಡೆ ಬೇಯುತ್ತದೆ, ಹಾಗಾಗಿ ವಾರವಿಡೀ ಯಾರೂ ಅದನ್ನು ಹೊರಗೆ ತೆಗೆಯುವುದಿಲ್ಲ. ಭಾನುವಾರ ನಸುಕಿಗೆ ನಂದಿ ಅಥವಾ ಲೇಪಾಕ್ಷಿ ಕಡೆಗೆ ಒಂದು ಸುತ್ತು, ಆಮೇಲೆ ಮತ್ತೆ ಬೇಸ್‌ಮೆಂಟು. ಓಡಿ ಸವೆದ ಭಾಗ ಕಣ್ಣಿಗೆ ಬೀಳುತ್ತದೆ. ನಿಂತು ಹಾಳಾದದ್ದು ಮಾತ್ರ ಗಾಡಿ ಕೊಂಡ ಎರಡು ಮೂರು ತಿಂಗಳಿಗೆ ಒಂದೊಂದಾಗಿ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಬಿಲ್ಲಿನ ಸಮೇತ ಸರಿಯಾಗಿ ಸರ್ವಿಸ್ ಆದ ಇಪ್ಪತ್ತೈದು ಸಾವಿರದ ಗಾಡಿ, ಬಿಲ್ಲೇ ಇಲ್ಲದ ಆರು ಸಾವಿರದ ಗಾಡಿಗಿಂತ ಎಷ್ಟೋ ಮೇಲು.

ನೋಡಲು ಹೋಗುವಾಗ ಒಳ್ಳೆ ಟಾರ್ಚು, ಮಲ್ಟಿಮೀಟರ್, ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್, ಒಂದು ಬಿಳಿ ಬಟ್ಟೆ ಜೊತೆಗಿರಲಿ. ಹಗಲಲ್ಲೇ ಹೋಗಿ. ಮಳೆಯಲ್ಲಿ ನೆನೆದ ಪೇಂಟು ಗೀರುಗಳನ್ನೆಲ್ಲ ಮುಚ್ಚಿಡುತ್ತದೆ, ಬೇಸ್‌ಮೆಂಟಿನ ಟ್ಯೂಬ್‌ಲೈಟೂ ಹಾಗೆಯೇ. ಮುಖ್ಯವಾಗಿ, ನೀವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬಾರದೆಂದು ಫೋನಿನಲ್ಲೇ ಹೇಳಿಬಿಡಿ.

ನಿಂತ ಗಾಡಿಯ ರೋಗಗಳು

ಪೆಟ್ರೋಲ್ ಟ್ಯಾಂಕಿನಿಂದ ಶುರುಮಾಡಿ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾಯಿತು, ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲಿನೊಡನೆ ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ಬೆರೆತ ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಕಬ್ಬಿಣದ ಟ್ಯಾಂಕಾದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮುಚ್ಚಳ ತೆರೆದು ಟಾರ್ಚು ಬಿಟ್ಟು ನೋಡಿ. ಗೋಡೆಯ ಮೇಲೆ ಕೆಂಪು ಪುಡಿ ಕಂಡರೆ ಫ್ಯುಯಲ್ ಪಂಪು, ಅದರ ಫಿಲ್ಟರು, ಇಂಜೆಕ್ಟರು ಎಲ್ಲವೂ ಸಂಶಯದ ಪಟ್ಟಿಗೆ ಸೇರಿದವು ಎನ್ನಿ. ಹಳೆಯ ಡುಕಾಟಿ ಮಾನ್‌ಸ್ಟರ್ 796ರಂಥ ಗಾಡಿಗಳದ್ದು ಪ್ಲಾಸ್ಟಿಕ್ ಟ್ಯಾಂಕು. ಅದಕ್ಕೆ ತುಕ್ಕಿನ ಭಯವಿಲ್ಲ, ಆದರೆ ಎಥನಾಲಿಗೆ ಉಬ್ಬುತ್ತದೆ. ಟ್ಯಾಂಕಿನ ಬೋಲ್ಟ್ ತೂತುಗಳು ಫ್ರೇಮಿಗೆ ಸರಿಯಾಗಿ ಕೂರುತ್ತಿಲ್ಲವೆಂದರೆ ಕಾರಣ ಅದೇ.

ಬ್ರೇಕ್ ಫ್ಲೂಯಿಡ್ ಕೂಡ ತೇವ ಹೀರುವಂಥದ್ದೇ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಗಾಡಿ ಓಡಲಿ ಬಿಡಲಿ. ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿ ಅದು ತಿಳಿ ಹಳದಿ ಇರಬೇಕು. ಕಪ್ಪು ಚಹಾದ ಬಣ್ಣಕ್ಕೆ ತಿರುಗಿದ್ದರೆ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ನುಗಳೂ ಜಾಮ್ ಆಗುವ ಹಾದಿಯಲ್ಲಿವೆ. ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್ ಹಾಕಿ, ಬ್ರೇಕ್ ಒತ್ತಿ ಬಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ. ಹಿಡಿದು ಹಿಡಿದು ತಿರುಗಿದರೆ ಕ್ಯಾಲಿಪರ್ ಬಿಚ್ಚುವ ಕೆಲಸವಿದೆ. ಎಬಿಎಸ್ ಘಟಕದೊಳಗೂ ಇದೇ ಫ್ಲೂಯಿಡ್ ಇರುತ್ತದೆ. ಅದು ಕೆಟ್ಟರೆ ರಿಪೇರಿ ಬಹಳ ದುಬಾರಿ.

ಟೈರಿನ ಬದಿಯಲ್ಲಿ ಡಿಒಟಿ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ್ದರೆ ಗ್ರೂವ್ ಎಷ್ಟೇ ಆಳವಿರಲಿ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಡಿಯಿರಿ. 120/70 ಮುಂದಿನದು, 190/55 ಅಥವಾ 200/55 ಹಿಂದಿನದು, ಎರಡೂ ಸೇರಿದರೆ ಸಣ್ಣ ಮೊತ್ತವಲ್ಲ. ಗಟ್ಟಿಯಾದ ರಬ್ಬರು ನೇರ ರಸ್ತೆಯಲ್ಲಿ ಏನೂ ತೋರಿಸದೆ, ಮಳೆ ಬಿದ್ದ ತಿರುವಿನಲ್ಲಿ ಒಮ್ಮೆಲೇ ಕೈಕೊಡುತ್ತದೆ.

ಟೈಮಿಂಗ್ ಬೆಲ್ಟನ್ನು ಹೆಚ್ಚಿನವರು ಮರೆಯುತ್ತಾರೆ. ಡುಕಾಟಿ ಮಾನ್‌ಸ್ಟರ್ 821, ಮಲ್ಟಿಸ್ಟ್ರಾಡಾ 950, ಸ್ಕ್ರ್ಯಾಂಬ್ಲರ್ 800 ಇವುಗಳಲ್ಲಿ ವಾಲ್ವುಗಳನ್ನು ನಡೆಸುವುದು ರಬ್ಬರ್ ಬೆಲ್ಟು. ಕಿಲೋಮೀಟರ್ ಏನೇ ಇರಲಿ, ಐದು ವರ್ಷಕ್ಕೆ ಅದನ್ನು ಬದಲಿಸಲೇಬೇಕು. ಬೆಲ್ಟ್ ಕಿತ್ತುಹೋದರೆ ಪಿಸ್ಟನ್ ವಾಲ್ವಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಆರು ಸಾವಿರ ಓಡಿದ ಏಳು ವರ್ಷದ ಮಾನ್‌ಸ್ಟರ್‌ನಲ್ಲಿ ಕಂಪನಿಯ ಬೆಲ್ಟೇ ಇದ್ದರೆ, ಅದನ್ನು ಓಡಿಸಿಕೊಂಡು ಮನೆಗೆ ಹೋಗಬೇಡಿ, ಟ್ರಕ್ಕಿನಲ್ಲಿ ಸಾಗಿಸಿ. ವಾಲ್ವಿನ ಸಂದು ಅಳೆದು ಸರಿಮಾಡುವ ವಾಲ್ವ್ ಕ್ಲಿಯರೆನ್ಸ್ ಕೆಲಸಕ್ಕೂ ಒಂದೊಂದು ಗಾಡಿಗೆ ಒಂದೊಂದು ಗಡುವು. ಪ್ಯಾನಿಗಾಲೆ ವಿ4ಗೆ 24,000 ಕಿಮೀ, ಮಲ್ಟಿಸ್ಟ್ರಾಡಾ ವಿ4ಗೆ 60,000 ಕಿಮೀ. 23,000ಕ್ಕೆ ಬಂದು ನಿಂತ ಪ್ಯಾನಿಗಾಲೆ ಮಾರಾಟಕ್ಕೆ ಬಂದಿದ್ದರೆ ಕಾರಣ ಹೇಳಬೇಕಿಲ್ಲ, ಆ ಸರ್ವಿಸಿನ ಅಂದಾಜು ಪಟ್ಟಿಯನ್ನು ಡೀಲರ್ ಕಡೆಯಿಂದ ಬರೆಸಿಕೊಂಡೇ ಬೆಲೆ ಮಾತಾಡಿ.

ತಣ್ಣಗಿರುವಾಗ ಸ್ಟಾರ್ಟ್

ಕೈ ಹೊರಳಿಸಿ ಸೈಲೆನ್ಸರ್ ಪೈಪಿನ ಹತ್ತಿರ ಹಿಡಿಯಿರಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿದ್ದಾರೆ. ಇನ್ನೊಂದು ದಿನ ಬರುತ್ತೇನೆಂದು ಹೇಳಿ ಹೊರಡಿ. ತಣ್ಣಗಿದ್ದರೆ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ, 12.6 ವೋಲ್ಟ್ ಇರಬೇಕು. ಸ್ಟಾರ್ಟ್ ಆದ ಮೇಲೆ 5,000 ಆರ್‌ಪಿಎಂನಲ್ಲಿ ಸುಮಾರು 13.5ರಿಂದ 14.5. ಹದಿಮೂರಕ್ಕಿಂತ ಕೆಳಗಿದ್ದರೆ ವಿದ್ಯುತ್ ಹುಟ್ಟಿಸುವ ಸ್ಟೇಟರ್ ಅಥವಾ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಸಾಯುತ್ತಿದೆ, ಹದಿನೈದು ದಾಟಿದರೆ ರೆಗ್ಯುಲೇಟರ್ ಸತ್ತಿದೆ. ಹೊಸ ಬ್ಯಾಟರಿ ಹಾಕಿಸಿದ್ದೇವೆ ಎನ್ನುವವರ ಗಾಡಿಯಲ್ಲಿ ಈ ಎರಡನೆಯ ಅಳತೆಯನ್ನು ತಪ್ಪದೆ ಮಾಡಿ. ಎಷ್ಟೋ ಸಲ ಚಾರ್ಜಿಂಗ್ ತೊಂದರೆಯನ್ನು ಹೊಸ ಬ್ಯಾಟರಿಯಿಂದ ಮಾರಾಟದ ದಿನದ ಮಟ್ಟಿಗೆ ಮುಚ್ಚಿರುತ್ತಾರೆ.

ಸ್ಟಾರ್ಟ್ ಆದಾಗ ಕೆಲವು ಸೆಕೆಂಡ್ ವಾಲ್ವುಗಳನ್ನು ನಡೆಸುವ ಕ್ಯಾಮ್ ಚೈನಿನ ಟಿಕ್ ಟಿಕ್ ಸದ್ದು ಬಂದು ನಿಲ್ಲಬಹುದು. ಬಿಸಿಯಾದ ಮೇಲೂ ಉಳಿದರೆ ಆ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ನೋಡಿಸಬೇಕು. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ ಸಿಹಿ ವಾಸನೆ ಬಂದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಮುಂದೆ ನೋಡುವ ಅಗತ್ಯವಿಲ್ಲ. ಹೊಗೆಯಿಲ್ಲದಿದ್ದರೆ ರೇಡಿಯೇಟರ್ ಫ್ಯಾನ್ ತಿರುಗುವವರೆಗೂ ನಿಂತಲ್ಲೇ ಐಡಲ್‌ನಲ್ಲಿ ಬಿಡಿ. ಬಹಳಷ್ಟು ಗಾಡಿಗಳಲ್ಲಿ 100ರಿಂದ 105 ಡಿಗ್ರಿಯ ಆಸುಪಾಸಿನಲ್ಲಿ ಫ್ಯಾನ್ ಶುರುವಾಗಬೇಕು, ಶುರುವಾದ ಮೇಲೆ ಉಷ್ಣ ಇಳಿಯಬೇಕು ಅಥವಾ ಅಲ್ಲೇ ನಿಲ್ಲಬೇಕು. ಬೆಂಗಳೂರಿನ ಗಾಡಿಗೆ ಈ ಪರೀಕ್ಷೆ ಬಿಡುವಂತಿಲ್ಲ.

ಬಿದ್ದದ್ದು, ಮುಳುಗಿದ್ದು, ಟ್ರ್ಯಾಕಿಗೆ ಹೋದದ್ದು

ಫೇರಿಂಗ್, ಅಂದರೆ ಹೊರಗಿನ ಪ್ಲಾಸ್ಟಿಕ್ ಹೊದಿಕೆ, ಹೊಸದಾಗಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಅದು ಫ್ರೇಮಿಗೆ ತಾಗಿ ನಿಲ್ಲುವ ಸಣ್ಣ ಗುಬುಟನ್ನು ಟಾರ್ಚಿನಲ್ಲಿ ನೋಡಿ. ಬಲಕ್ಕೂ ಹಾಗೇ ಮಾಡಿ. ಜೋರಾಗಿ ಬಿದ್ದ ಗಾಡಿಯಲ್ಲಿ ಹ್ಯಾಂಡಲ್ ತಿರುಚಿ ಹೊಡೆದು ಆ ಗುಬುಟು ಚಪ್ಪಟೆಯಾಗಿರುತ್ತದೆ, ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಅದರ ಮೇಲೆ ಹೊಸ ಪೇಂಟ್ ಕೂತಿರುತ್ತದೆ. ಅದು ಫ್ರೇಮಿನ ಭಾಗವಾದ್ದರಿಂದ ಗೊತ್ತಾಗದ ಹಾಗೆ ಸರಿಮಾಡುವುದು ಕಷ್ಟ. ಬಿದ್ದ ಚರಿತ್ರೆ ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಗಾಡಿಯಲ್ಲಿ ಮತ್ತೊಂದಿಲ್ಲ. ನಂತರ ಲಿವರ್ ತುದಿ, ಫುಟ್‌ಪೆಗ್, ಬಾರ್ ಎಂಡ್, ಎಂಜಿನ್ ಕವರ್. ಒಂದು ಕಡೆಯ ಲಿವರ್ ಮಾತ್ರ ಹೊಸದಾಗಿದ್ದರೆ ಆ ಕಡೆಗೆ ಬಿದ್ದಿದೆ.

ಮುಂದಿನ ಚಕ್ರ ಮೇಲಿದ್ದಾಗ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿ. ನಡುವಿನಲ್ಲಿ ಕಚ್ಚಿ ಕೂತಂತಾದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಇದು ಮುಂದಿನ ಚಕ್ರ ಎತ್ತಿ ವೀಲಿ ಮಾಡಿದ ಗಾಡಿಗಳ ಸಾಮಾನ್ಯ ಗಾಯ, ಮುಂದಿನ ಸಸ್ಪೆನ್ಷನ್ನಿನ ಫೋರ್ಕ್ ಸೀಲ್ ಸೋರುವುದೂ ಅದರ ಜೊತೆಗಾರ. ಬಿಳಿ ಬಟ್ಟೆಯಿಂದ ಫೋರ್ಕ್ ಕೊಳವೆ ಒರೆಸಿ, ಎರಡು ಮೂರು ಸಲ ಒತ್ತಿ ಮತ್ತೆ ಒರೆಸಿ. ಎಣ್ಣೆ ಬಟ್ಟೆಗೆ ಹತ್ತಿದರೆ ಸೀಲ್ ಬದಲಿಸಬೇಕು. ಕೊಳವೆಯ ಮೇಲೆ ಉಗುರು ಎಳೆದಾಗ ಚುಕ್ಕೆಗೆ ಸಿಕ್ಕಿದರೆ ಹೊಸ ಸೀಲೂ ಹೆಚ್ಚು ದಿನ ಬಾಳುವುದಿಲ್ಲ.

ಇನ್ನು ನೀರು. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರು ಸುತ್ತಮುತ್ತ ಬೇಸ್‌ಮೆಂಟುಗಳು ತುಂಬಿದ್ದು ನೆನಪಿರಬಹುದು. ಅಂದು ಮುಳುಗಿದ ಗಾಡಿಗಳನ್ನು ತೊಳೆದು ಪಾಲಿಶ್ ಹಾಕಿ ಮಾರುವುದು ಕಷ್ಟವೇನಲ್ಲ. ಸೀಟು ಎತ್ತಿ ವೈರಿಂಗ್ ಕನೆಕ್ಟರುಗಳನ್ನು ಬಿಚ್ಚಿ ನೋಡಿ, ಪಿನ್ನುಗಳು ಹಸಿರುಗಟ್ಟಿದ್ದರೆ ನೀರು ಕುಡಿದಿವೆ. ಏರ್ ಫಿಲ್ಟರ್ ಪೆಟ್ಟಿಗೆಯ ಮೂಲೆ, ಬ್ಯಾಟರಿ ತಟ್ಟೆಯ ತಳ, ಹೆಡ್‌ಲೈಟಿನ ಒಳಮೂಲೆ ಇಲ್ಲೆಲ್ಲ ಸಣ್ಣ ಮಣ್ಣಿನ ಗೆರೆ ಉಳಿದಿರುತ್ತದೆ. ಎಂಜಿನ್ ಆಯಿಲ್ ಮಟ್ಟ ನೋಡುವ ಗಾಜಿನಲ್ಲಿ ಹಾಲು ಬೆರೆಸಿದಂತೆ ಕಂಡರೆ ಅದೂ ನೀರೇ. ಇಂಥ ಗಾಡಿ ಇಂದು ಚೆನ್ನಾಗಿ ಓಡಿದರೂ ವೈರಿಂಗ್ ಒಳಗೊಳಗೇ ಕೊಳೆಯುತ್ತಿರುತ್ತದೆ. ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಬೆಂಗಳೂರಿನಿಂದ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೂ ಚೆನ್ನೈ ಟ್ರ್ಯಾಕಿಗೂ ಹೋಗುವವರು ಬಹಳ. ಆಯಿಲ್ ಡ್ರೈನ್ ಬೋಲ್ಟಿನಲ್ಲಾಗಲಿ ಕ್ಯಾಲಿಪರ್ ಬೋಲ್ಟಿನಲ್ಲಾಗಲಿ ಬೋಲ್ಟ್ ಸಡಿಲವಾಗದಂತೆ ತಂತಿ ಕಟ್ಟಲು ಕೊರೆದ ಸಣ್ಣ ತೂತು ಕಂಡರೆ ಅದು ಟ್ರ್ಯಾಕ್ ಗಾಡಿ. ಮಾಲೀಕರು ತಾವಾಗಿ ಹೇಳಿ, ಆಯಿಲ್, ಪ್ಯಾಡು ಬದಲಿಸಿದ ಲೆಕ್ಕ ತೋರಿಸಿದರೆ ಕೊಳ್ಳಬಹುದು. ತೂತು ಕಂಡ ಮೇಲೂ "ಇಲ್ಲ ಸರ್, ಬರೀ ಆಫೀಸಿಗೆ" ಎಂದರೆ ಅವರ ಉಳಿದ ಮಾತನ್ನೂ ನಂಬುವಂತಿಲ್ಲ.

ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪವನ್ನು ಕಂಪನಿಯೇ ಕೊರೆದಿರುತ್ತದೆ, ವರ್ನಿಯರ್ ಹಿಡಿದು ಹೋಲಿಸಿ. ಮೀಟರ್ ತಿರುಗಿಸಿದ್ದಾರೋ ಎಂಬ ಅನುಮಾನಕ್ಕೂ ಇದೇ ಮದ್ದು: ಆರು ಸಾವಿರ ಓಡಿದ ಗಾಡಿಯ ಡಿಸ್ಕು ಕನಿಷ್ಠ ದಪ್ಪದ ಹತ್ತಿರ ಬಂದಿರಲು ಸಾಧ್ಯವಿಲ್ಲ. ಗೇರ್ ಲಿವರಿನ ರಬ್ಬರೂ ಬೋಳಾಗಿರುವುದಿಲ್ಲ. ಹಿಂದಿನ ಸ್ಪ್ರಾಕೆಟ್ಟಿನಿಂದ ಚೈನನ್ನು ಹಿಂದಕ್ಕೆ ಎಳೆಯಿರಿ, ಅರ್ಧ ಹಲ್ಲು ಕಂಡರೆ ಚೈನ್ ಸೆಟ್ ಮುಗಿದಿದೆ.

ಓಡಿಸಿ ನೋಡುವುದು

ನೈಸ್ ರಸ್ತೆ ಇದಕ್ಕೆ ಅನುಕೂಲ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ದ್ವಿಚಕ್ರಕ್ಕೆ ಅಲ್ಲಿ ಪ್ರವೇಶವಿಲ್ಲ, ಆರರ ಹೊತ್ತಿಗೆ ಹೋಗಿ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟಿನಿಂದ ಬೈಕಿಗೆ ಬಿಡುವುದಿಲ್ಲ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಕೊಟ್ಟಾಗ ಗೇರ್ ಹಾರಿ ನ್ಯೂಟ್ರಲ್ಲಿಗೆ ಬಂದರೆ ಗೇರ್‌ಬಾಕ್ಸ್ ಬಿಚ್ಚಬೇಕು, ಅಂದರೆ ಎಷ್ಟೋ ಗಾಡಿಗಳಲ್ಲಿ ಎಂಜಿನ್ನನ್ನೇ ಕೆಳಗಿಳಿಸಬೇಕು. ಮೇಲಿನ ಗೇರಿನಲ್ಲಿ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್ ಒತ್ತಿದಾಗ ಲಿವರ್ ಮಿಡಿದರೆ ಡಿಸ್ಕ್ ವಾರೆಯಾಗಿದೆ.

ಇಷ್ಟೆಲ್ಲ ಪಾಸಾದರೆ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಹಣ ಕಟ್ಟಿ ತಪಾಸಣೆ ಮಾಡಿಸಿ. ಅವರ ಸ್ಕ್ಯಾನರ್ ಎಂಜಿನ್ನಿನ ಕಂಪ್ಯೂಟರಾದ ಇಸಿಯುನಲ್ಲಿ ಉಳಿದ ದೋಷಗಳನ್ನು ಓದುತ್ತದೆ, ಚಾಸಿಸ್ ನಂಬರ್ ಕೊಟ್ಟರೆ ಹಳೆಯ ಸರ್ವಿಸ್‌ಗಳ ದಾಖಲೆಯೂ ಸಿಗಬಹುದು. ಬೇಡ ಎನ್ನುವ ಮಾರಾಟಗಾರರೊಡನೆ ಚೌಕಾಸಿ ಮಾಡಬೇಡಿ, ಬಿಟ್ಟುಬಿಡಿ.

ಕಾಗದಪತ್ರ

ಹ್ಯಾಂಡಲ್ ಬುಡದಲ್ಲಿ ಕೊರೆದ ಚಾಸಿಸ್ ನಂಬರನ್ನೂ ಎಂಜಿನ್ ನಂಬರನ್ನೂ ಆರ್‌ಸಿಗೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ವಿದೇಶದಿಂದ ತರಿಸಿದ ಹಳೆಯ ಗಾಡಿಯಾದರೆ ಡೀಲರ್ ಬಿಲ್ ಅಥವಾ ಕಸ್ಟಮ್ಸ್ ಸುಂಕ ಕಟ್ಟಿದ ದಾಖಲೆ ಇಲ್ಲದೆ ಮುಟ್ಟಬೇಡಿ.

ಇನ್ಶೂರೆನ್ಸ್ ಪಾಲಿಸಿಯ ನೋ ಕ್ಲೇಮ್ ಬೋನಸ್ ಸಾಲನ್ನು ಓದಿ. ಕ್ಲೇಮ್ ಇಲ್ಲದೆ ವರ್ಷಗಳು ಕಳೆದಂತೆ ಅದು ಶೇ. 20, 25, 35, 45, 50 ಎಂದು ಏರುತ್ತದೆ. ಐದನೆಯ ವರ್ಷದ ಪಾಲಿಸಿಯಲ್ಲಿ ಸೊನ್ನೆ ಇದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿರಬೇಕು, ಇಲ್ಲವೇ ಪಾಲಿಸಿ ಕಡಿದುಹೋಗಿರಬೇಕು. ಯಾವುದು, ಏಕೆ ಎಂದು ಕೇಳಿ.

ಹೊರರಾಜ್ಯದ ನಂಬರ್ ಇದ್ದರೆ ಬೆಲೆ ಕಡಿಮೆ ಕಾಣುತ್ತದೆ. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ದ್ವಿಚಕ್ರಕ್ಕೆ ಜೀವಾವಧಿ ತೆರಿಗೆ ಶೇ. 18. ಹಳೆಯ ಗಾಡಿಗೆ ವಯಸ್ಸಿನ ಪ್ರಕಾರ ಇಳಿದರೂ ಹತ್ತು ಹದಿನೈದು ಲಕ್ಷದ ಬೈಕಿಗೆ ಅದು ದೊಡ್ಡ ಮೊತ್ತವೇ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಕೆಎ ನಂಬರ್ ಮಾಡಿಸಲೇಬೇಕು. ಎನ್‌ಒಸಿ, ಅಂದರೆ ಫಾರ್ಮ್ 28, ಕೈಗೆ ಬರುವ ಮುನ್ನ ಪೂರ್ತಿ ಹಣ ಕೊಡಬೇಡಿ. ಮೊದಲೇ ಕೆಎ ನಂಬರ್ ಇರುವ ಗಾಡಿ ಸ್ವಲ್ಪ ದುಬಾರಿಯಾದರೂ ಅದನ್ನೇ ಕೊಳ್ಳುವುದು ಲೇಸು.

ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35. ವರ್ಗಾವಣೆಗೆ ಫಾರ್ಮ್ 29, 30. ಬಾಕಿ ಟ್ರಾಫಿಕ್ ದಂಡವನ್ನು ನಂಬರ್ ಹಾಕಿ ಬೆಂಗಳೂರು ಸಂಚಾರ ಪೊಲೀಸರ ತಾಣದಲ್ಲಿ ನೋಡಿ, ಮಾರುವವರಿಂದಲೇ ಕಟ್ಟಿಸಿ. ಬೇರೆ ಸೈಲೆನ್ಸರ್ ಹಾಕಿದ್ದರೆ ಕಂಪನಿಯದ್ದನ್ನು ಕೇಳಿ ಪಡೆಯಿರಿ, ಸದ್ದಿಗೂ ದಂಡವಿದೆ. ಎರಡೂ ಕೀ ಬೇಕೇ ಬೇಕು. ತನ್ನ ಕೀ ಗುರುತಿಸದೆ ಎಂಜಿನ್ ಸ್ಟಾರ್ಟ್ ಆಗಲು ಬಿಡದ ಇಮ್ಮೊಬಿಲೈಜರ್ ಇರುವ ಗಾಡಿಯ ಕೀ ಕಳೆದರೆ ಅಂಗಡಿಯಲ್ಲಿ ಡೂಪ್ಲಿಕೇಟ್ ಮಾಡಿಸಿದಷ್ಟು ಸುಲಭವಲ್ಲ.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ. ಎರಡು ಲಕ್ಷ ಮತ್ತು ಮೇಲ್ಪಟ್ಟು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯ ತಡೆಯಿದೆ. ಒಪ್ಪಿದ ಬೆಲೆಯ ಮೇಲೆ ಶೇ. 15ರಷ್ಟನ್ನಾದರೂ ಮೊದಲ ವರ್ಷದ ಕೆಲಸಕ್ಕೆ ಎತ್ತಿಡಿ. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಗಾಡಿ ಮನೆಗೆ ಬಂದ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಕೂಲೆಂಟ್, ಬ್ರೇಕ್ ಫ್ಲೂಯಿಡ್ ನಾಲ್ಕನ್ನೂ ಬದಲಿಸಿ, ಬಿಲ್ಲಿನ ಮೇಲೆ ದಿನಾಂಕ, ಕಿಲೋಮೀಟರ್ ಬರೆಸಿ ಇಟ್ಟುಕೊಳ್ಳಿ.