ಸರ್ಟಿಫಿಕೇಟ್ ಬಂತು, ಆ ಮಗುವಿಗೆ ನಾಳೆ ಏನು ಮಾಡೋದು?

ರಾಷ್ಟ್ರೀಯ ಶಿಕ್ಷಣ ನೀತಿ 2020ರ ಪ್ರಕಾರ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಪಡೆಯಬೇಕು. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿ ಕೋರ್ಸ್ ಮುಗಿಸುತ್ತೇವೆ, ಸರ್ಟಿಫಿಕೇಟ್ ಬರುತ್ತದೆ. ಆದರೆ ಬಾಯಲ್ಲಿ ಕಥೆಯನ್ನು ಸೊಗಸಾಗಿ ಹೇಳಿ, ಪುಸ್ತಕ ಕೈಗೆ ಕೊಟ್ಟ ತಕ್ಷಣ ಮುದುಡಿಕೊಳ್ಳುವ ಮೂರನೇ ಕ್ಲಾಸಿನ ಮಗು ಇರುತ್ತದಲ್ವಾ, ಅದನ್ನು ಅರ್ಥ ಮಾಡಿಕೊಳ್ಳೋದು ವಿಡಿಯೋ ನೋಡಿ ಬರುವ ವಿದ್ಯೆ ಅಲ್ಲ. ಹಾಗಾಗಿ ಈ ವರ್ಷ ಒಂದು ಮಗುವನ್ನು ಆರಿಸಿಕೊಳ್ಳಿ. ಒಂದೇ ಮಗು. ಅದನ್ನು ಸರಿಯಾಗಿ ಗಮನಿಸಿದರೆ ಉಳಿದವರನ್ನು ನೋಡುವ ಕಣ್ಣೂ ಬದಲಾಗುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ. ಅದರಲ್ಲಿ 'ಗಮನ ಇಲ್ಲ', 'ಸೋಮಾರಿ', 'ಹಿಂದುಳಿದಿದ್ದಾನೆ' ಅಂತ ಬರೆಯಬೇಡಿ, ಅದು ನಿಮ್ಮ ತೀರ್ಪು. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. 'ಅಕ್ಕ' ಅನ್ನೋದನ್ನು 'ಅಕ' ಅಂತ ಓದಿದ, ಅಂದರೆ ಒತ್ತು ಬಿಟ್ಟ. 'ಮ' ಇದ್ದಲ್ಲಿ 'ವ' ಅಂದ. ದೀರ್ಘ ಬಿಡುತ್ತಾನೆ. ಬೋರ್ಡಿನಿಂದ ಎರಡು ಸಾಲು ಇಳಿಸಿಕೊಳ್ಳುವಷ್ಟರಲ್ಲಿ ಪಕ್ಕದವನು ಪುಟ ತಿರುಗಿಸಿರುತ್ತಾನೆ. 'ಸೂರ್ಯ' ಬರೆದು ತೋರಿಸಿ ನೋಡಿ: ಕಿವಿಗೆ 'ರ್' ಮೊದಲು ಕೇಳುತ್ತದೆ, ಕಣ್ಣಿಗೆ 'ಯ' ಮೊದಲು ಕಾಣುತ್ತದೆ, ಅರ್ಕಾವತ್ತು ಆಮೇಲೆ ಬರುತ್ತದೆ. ನಮಗೆ ಇದು ರೂಢಿಯಾಗಿಬಿಟ್ಟಿದೆ. ಅಕ್ಷರ ಮತ್ತು ಸದ್ದನ್ನು ಜೋಡಿಸಲು ಕಷ್ಟಪಡುವ ಮಗು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೆರಡು ತಪ್ಪಿಗೆ ಅರ್ಥವಿಲ್ಲ, ಎಲ್ಲ ಮಕ್ಕಳೂ ಮಾಡುತ್ತಾರೆ. ಅದೇ ತಪ್ಪು ವಾರಗಟ್ಟಲೆ, ಪಾಠ ಮತ್ತೆ ಹೇಳಿಕೊಟ್ಟ ಮೇಲೂ ಬರುತ್ತಿದೆಯಾ ಅನ್ನೋದನ್ನು ನೋಡಬೇಕು.

ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಾಗಿದ್ದರೂ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಅಂತ ಯೋಚಿಸುವ ಮೊದಲು ಬೇರೆ ಕಾರಣಗಳನ್ನು ತೆಗೆದುಹಾಕಿ. ಕಣ್ಣು, ಕಿವಿ ಪರೀಕ್ಷೆ ಆಗಿದೆಯಾ? ಎಷ್ಟು ದಿನ ಗೈರು? ಅಪ್ಪ ಅಮ್ಮ ಕೂಲಿಗೆ ಊರು ಬಿಟ್ಟು ಹೋಗುವಾಗ ಮಗುವೂ ಜೊತೆಗೆ ಹೋಗುತ್ತದಾ? ಮನೆಯಲ್ಲಿ ಯಾವ ಮಾತು? ಉರ್ದು, ತುಳು, ಲಂಬಾಣಿ ಮಾತಾಡುವ ಮಗು ಕನ್ನಡದಲ್ಲಿ ತಡವರಿಸುವುದು ಕಲಿಕಾ ನ್ಯೂನತೆ ಅಲ್ಲ. ಮನೆಯಲ್ಲಿ 'ಅಕ್ಕಿ ಆರ್ತು' ಅನ್ನುವ ಮಗು 'ಹಕ್ಕಿ'ಯನ್ನು 'ಅಕ್ಕಿ' ಅಂತ ಬರೆದರೆ ತಾನು ಕೇಳಿದ್ದನ್ನು ಸರಿಯಾಗೇ ಬರೆದಿದೆ. ಅದಕ್ಕೆ ಹಣೆಪಟ್ಟಿ ಹಚ್ಚುವುದು ದೊಡ್ಡ ಅನ್ಯಾಯ.

ಆಮೇಲೆ ಪಾಠದಲ್ಲಿ ಒಂದೊಂದೇ ಬದಲಾವಣೆ ಮಾಡಿ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಗೊತ್ತಾಗುವುದಿಲ್ಲ. ದಿನಾ ಐದು ನಿಮಿಷ ಸದ್ದಿನ ಆಟ ಆಡಿಸಿ, ಪುಸ್ತಕ ಬೇಡ: 'ಅರಸ' ಪದದಲ್ಲಿ 'ಅ' ತೆಗೆದರೆ ಏನು ಉಳಿಯುತ್ತೆ? 'ರಸ'. ಒತ್ತಕ್ಷರಗಳನ್ನು ಗುಂಪಾಗಿ ಸುರಿಯಬೇಡಿ, ವಾರಕ್ಕೆ ಒಂದೆರಡು ಸಾಕು. ಮಗು ಗಟ್ಟಿಯಾಗಿ ಓದಬೇಕಾದ ಸಾಲನ್ನು ಹಿಂದಿನ ದಿನವೇ ಕೊಟ್ಟಿರಿ, ಎಲ್ಲರ ಮುಂದೆ ಏಕಾಏಕಿ ಎಬ್ಬಿಸಿ ನಿಲ್ಲಿಸಬೇಡಿ. ಪರಿಸರ ಅಧ್ಯಯನದ ಉತ್ತರ ಬಾಯಲ್ಲಿ ಹೇಳಲಿ, ಅಲ್ಲಿ ನೀವು ಪರೀಕ್ಷಿಸುತ್ತಿರುವುದು ಕಾಗುಣಿತವನ್ನಲ್ಲ. ಹತ್ತು ಸಲ ಕಾಪಿ ಬರೆಸುವುದರಿಂದ ಕೈ ನೋಯುತ್ತದೆ, ಓದು ಬರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೆಲವು ತರಬೇತಿಗಳಲ್ಲಿ ಮಕ್ಕಳನ್ನು 'ನೋಡಿ ಕಲಿಯುವವರು', 'ಕೇಳಿ ಕಲಿಯುವವರು', 'ಮಾಡಿ ಕಲಿಯುವವರು' ಅಂತ ವಿಂಗಡಿಸಲು ಹೇಳಿಕೊಡುತ್ತಾರೆ. ಆ ಗುಂಪಿಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಎಲ್ಲ ಮಕ್ಕಳಿಗೂ ನೋಡುವುದು, ಕೇಳುವುದು, ಮಾಡುವುದು ಮೂರೂ ಬೇಕು. ಆ ಫಾರಂ ತುಂಬುವ ಸಮಯವನ್ನು ಒಂದು ಮಗುವಿನ ಓದು ಕೇಳಲು ಇಟ್ಟುಕೊಳ್ಳಿ.

ತಿಂಗಳಿಗೊಮ್ಮೆ ನೋಟ್‌ಬುಕ್ ತೆಗೆದುಕೊಂಡು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗೆ ಹೋಗಿ. ಮಗುವಿನ ಹೆಸರು ಹೇಳಬೇಡಿ. ಬರವಣಿಗೆಯ ಒಂದು ಪುಟ ತೋರಿಸಿ, ನಿಮಗೇನು ಕಾಣುತ್ತದೆ ಅಂತ ಕೇಳಿ. ಇಪ್ಪತ್ತು ನಿಮಿಷ ಸಾಕು. ಬೇರೆ ಶಾಲೆಯ ಅನುಭವಿ ಟೀಚರ್ ಒಬ್ಬರು ಹೇಳುವ ಒಂದು ಸಣ್ಣ ಉಪಾಯ ಎಷ್ಟೋ ಸಲ ಇಡೀ ದಿನದ ಉಪನ್ಯಾಸಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಸಿ.ಆರ್.ಪಿ.ಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಮೊದಲೇ ಹೇಳಿ ಇದನ್ನು ಅಜೆಂಡಾದಲ್ಲಿ ಸೇರಿಸಿ.

ಇಷ್ಟಾದರೂ ಬದಲಾವಣೆ ಕಾಣದಿದ್ದರೆ ಸುಮ್ನೆ ಕಾಯಬೇಡಿ. ಮಕ್ಕಳಲ್ಲಿ ನ್ಯೂನತೆಯ ಸುಳಿವು ಗುರುತಿಸಲು ಎನ್‌ಸಿಇಆರ್‌ಟಿ ತಂದ ಪ್ರಶಸ್ತ್ ಚೆಕ್‌ಲಿಸ್ಟ್‌ನ ಮೊದಲ ಭಾಗ ತರಗತಿ ಶಿಕ್ಷಕರು ತುಂಬುವಂಥದ್ದೇ. ಅದನ್ನು ನಿಮ್ಮ ನೋಟ್‌ಬುಕ್ ಎದುರಿಗಿಟ್ಟುಕೊಂಡು ತುಂಬಿ, ಬ್ಲಾಕ್‌ನ ಬಿ.ಐ.ಇ.ಆರ್.ಟಿ.ಗೆ (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರಿಗೆ) ತಲುಪಿಸಿ. ನ್ಯೂನತೆಗೆ ಹೆಸರಿಡುವುದು ನಮ್ಮ ಕೆಲಸ ಅಲ್ಲ, ಅದಕ್ಕೆ ಪರಿಣತರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ, ಹಾಗಾಗಿ ಸಹಾಯ ಕೇಳುವುದು ಮಗುವಿನ ಹಕ್ಕು, ಯಾರ ದಯೆಯೂ ಅಲ್ಲ.

ಪೋಷಕರನ್ನು ಕರೆಸಿದಾಗ ಮಗುವಿಗೆ ಏನು ಬರುತ್ತದೆ ಅನ್ನೋದರಿಂದ ಶುರು ಮಾಡಿ, ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಪ್ಪು ಎಣಿಸಬೇಡಿ. 'ನಮ್ಮ ಮಗು ದಡ್ಡನಾ ಮೇಡಂ?' ಅಂತ ಕೇಳಿದರೆ 'ಅಲ್ಲ' ಅಂತ ಮೊದಲು ಹೇಳಿ, ವಿವರಣೆ ಆಮೇಲೆ. ಜೂನ್‌ನಲ್ಲಿ ಮಗು ಮುಂದಿನ ಕ್ಲಾಸಿಗೆ ಹೋದಾಗ ನೋಟ್‌ಬುಕ್ಕನ್ನು ಅಲ್ಲಿನ ಶಿಕ್ಷಕರ ಕೈಗೇ ಕೊಡಿ, ಹದಿನೈದು ನಿಮಿಷ ಜೊತೆಗೆ ಕೂತು ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅಂತ ಹೇಳಿ. ಇಲ್ಲದಿದ್ದರೆ ಅವರು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.