ಆಲ್ಟರ್ನೇಟರ್ ಬಿಚ್ಚಿ ಒಂದೊಂದೇ ಪಾರ್ಟ್ ಚೆಕ್ ಮಾಡಿದ್ದು – ನನ್ನ ಅನುಭವ

ಆಲ್ಟರ್ನೇಟರ್ (ಎಂಜಿನ್ ಓಡ್ತಿದ್ದಾಗ ಬ್ಯಾಟರಿ ಚಾರ್ಜ್ ಮಾಡೋದು, ಗ್ಯಾರೇಜಲ್ಲಿ ಡೈನಮೋ ಅಂತಾರಲ್ಲ ಅದೇ) ಹೋಗಿದೆ ಅಂತ ಯಾರಾದ್ರೂ ಅಂದ್ರೆ ಅದ್ರಲ್ಲಿ ಯಾವ್ದು ಹೋಗಿದೆ ಅಂತ ಕೇಳಿ. ಒಳಗಿರೋದು ರೋಟರ್ (ಕರೆಂಟ್ ಕೊಟ್ರೆ ಮ್ಯಾಗ್ನೆಟ್ ಆಗಿ ತಿರುಗೋ ಭಾಗ), ಸ್ಟೇಟರ್ ಕಾಯಿಲ್ (ಅದ್ರ ಸುತ್ತ ನಿಂತಿರೋ, ಕರೆಂಟ್ ಹುಟ್ಟೋ ಕಾಯಿಲ್), ಡಯೋಡ್ ಪ್ಲೇಟ್ (ಕರೆಂಟನ್ನ ಒಂದೇ ದಿಕ್ಕಿಗೆ ಬಿಟ್ಟು ಎಸಿನ ಡಿಸಿ ಮಾಡೋ ಡಯೋಡುಗಳು), ಕಾರ್ಬನ್ ಬ್ರಷ್ (ರೋಟರ್‌ಗೆ ಕರೆಂಟ್ ಮುಟ್ಟಿಸೋದು) ಜೊತೆ ರೆಗ್ಯುಲೇಟರ್ (ವೋಲ್ಟೇಜ್ ಹಿಡಿತದಲ್ಲಿಡೋದು), ಎರಡು ಬೇರಿಂಗ್, ಇಷ್ಟೇ. ಎಲ್ಲಾನೂ ಒಟ್ಟಿಗೆ ಕೆಡೋದು ಅಪರೂಪ, ಒಂದು ಸಾಧಾರಣ ಮಲ್ಟಿಮೀಟರ್ ಇದ್ರೆ ಯಾವ್ದು ಕೆಟ್ಟಿದೆ ಅಂತ ಮನೇಲೇ ಕಂಡ್ಹಿಡೀಬೋದು.

ನಮ್ಮ ಹಳೇ ಪೆಟ್ರೋಲ್ ಕಾರ್ದು ತೊಂದ್ರೆ ಹೀಗಿತ್ತು. ರಾತ್ರಿ ನಿಲ್ಸಿದ್ರೆ ಬೆಳಗ್ಗೆ ಬ್ಯಾಟರಿ ಡೌನ್. ಆಕಾಶವಾಣಿ 100.6 ಹಾಕಿದ್ರೆ ಮಾತಿನ ಹಿಂದೆ ಕುಂಯ್ ಅಂತ ಒಂದು ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರೋದು. ಎಲ್ಲಕ್ಕಿಂತ ಮುಖ್ಯವಾಗಿ ಕೀ ತೆಗೆದ ಮೇಲೂ ಡ್ಯಾಶ್‌ಬೋರ್ಡಲ್ಲಿ ಬ್ಯಾಟರಿ ಲೈಟು ಮಿಣಿಮಿಣಿ ಅಂತಿತ್ತು, ಹಗಲಲ್ಲಿ ಕಾಣ್ತಿರ್ಲಿಲ್ಲ, ಶೆಡ್ಡಿನ ಕತ್ತಲಲ್ಲಿ ಕಾಣೋದು. ಮಂಡ್ಯದಲ್ಲಿ ನನಗೆ ಪರಿಚಯ ಇರೋ ಆಟೋ ಎಲೆಕ್ಟ್ರಿಷಿಯನ್ ಅಣ್ಣ ಇದನ್ನೆಲ್ಲ ಕೇಳ್ಕೊಂಡು "ಡೈನಮೋ ಹೋಗದೆ ಕಣಪ್ಪ, ಹೊಸದೇ ಹಾಕ್ಸ್‌ಬುಡು" ಅಂದ್ರು. ಅವ್ರಿಗೂ ದಿನಾ ಹತ್ತು ಗಾಡಿ ಇರ್ತವೆ, ಒಂದೊಂದನ್ನೂ ಬಿಚ್ಚಿ ಕೂರೋಕೆ ಪುರುಸೊತ್ತು ಎಲ್ಲಿ. ನನಗೆ ಭಾನುವಾರ ಇತ್ತು.

ಬಿಚ್ಚೋಕೆ ಮುಂಚೆ ಗಾಡಿ ಮೇಲೇ ಚೆಕ್ ಮಾಡ್ಬೇಕು. ಎಂಜಿನ್ ಆಫ್ ಇದ್ದಾಗ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್, ಎಂಜಿನ್ ಓಡ್ತಿದ್ದಾಗ 13.8ರಿಂದ 14.5 ಒಳಗೆ ಬರ್ಬೇಕು. ನಂದು 13.1 ಬರ್ತಿತ್ತು, ಹೆಡ್‌ಲೈಟ್ ಹಾಕಿದ್ರೆ ಇನ್ನೂ ಇಳಿಯೋದು. ಆಮೇಲೆ ಮೀಟರನ್ನ ಎಸಿ ವೋಲ್ಟ್ ರೇಂಜಿಗೆ ತಿರುಗ್ಸಿ ಅದೇ ಬ್ಯಾಟರಿ ಟರ್ಮಿನಲ್‌ಗೆ ಹಿಡಿದೆ, ಇದನ್ನ ಬಹಳ ಜನ ಮಾಡಲ್ಲ. ಡಯೋಡ್ ಸರಿ ಇದ್ರೆ ಅಲ್ಲಿ ಅರ್ಧ ವೋಲ್ಟ್ ಒಳಗೇ ಇರ್ಬೇಕು, ಇಲ್ಲಿ ಒಂದು ವೋಲ್ಟ್ ದಾಟ್ತಿತ್ತು. ಆದ್ರೆ ಕೆಲವು ಅಗ್ಗದ ಮೀಟರ್‌ಗಳು ಎಸಿ ರೇಂಜಲ್ಲಿ ಬರೀ ಡಿಸಿ ಕೊಟ್ರೂ ಸುಳ್ಳು ರೀಡಿಂಗ್ ತೋರಿಸ್ತವೆ, ಅದಕ್ಕೆ ಮೊದಲು ಎಂಜಿನ್ ಆಫ್ ಮಾಡಿ ಹಿಡಿದು ಸೊನ್ನೆ ಬರುತ್ತಾ ನೋಡ್ಕೊಳ್ಳಿ. ಮತ್ತೆ ಎಂಜಿನ್ ಓಡ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ನೋಡೋ ಅಭ್ಯಾಸ ದಯವಿಟ್ಟು ಬಿಡಿ, ಆ ಕ್ಷಣ ವೋಲ್ಟೇಜು ಜಿಗಿದು ಚೆನ್ನಾಗಿದ್ದ ಡಯೋಡು, ರೆಗ್ಯುಲೇಟರು, ಈಸಿಎಂ (ಎಂಜಿನ್ ಕಂಪ್ಯೂಟರ್) ಎಲ್ಲಾ ಸುಟ್ಟೋಗಬೋದು.

ಇನ್ನೊಂದು ಚೆಕ್ ನನಗೆ ತುಂಬಾ ಇಷ್ಟ. ಕೀ ತೆಗೆದು ಆಲ್ಟರ್ನೇಟರ್ ಪುಲ್ಲಿ ನಟ್ ಹತ್ರ ಒಂದು ಸ್ಪ್ಯಾನರ್ ಹಿಡಿದೆ, ಟಪ್ ಅಂತ ಅಂಟ್ಕೊಳ್ತು! ಗಾಡಿ ಆಫ್ ಆಗಿದ್ರೂ ರೋಟರ್‌ಗೆ ಕರೆಂಟ್ ಹೋಗ್ತಾ ಇದೆ ಅಂತ ಅರ್ಥ. ಪಾಸಿಟಿವ್ ಕಡೆ ಡಯೋಡ್ ಶಾರ್ಟ್ ಆದ್ರೆ ಬ್ಯಾಟರಿ ಕರೆಂಟು ಹಿಂದಕ್ಕೆ ಸ್ಟೇಟರ್ ಒಳಗೆ ನುಗ್ಗಿ, ಅಲ್ಲಿಂದ ಚಿಕ್ಕ ಡಯೋಡುಗಳ ಮೂಲಕ ರೋಟರ್‌ಗೂ ಆ ಬ್ಯಾಟರಿ ಲೈಟಿಗೂ ಹೋಗುತ್ತೆ, ರಾತ್ರಿಯೆಲ್ಲ ಹರೀತಾನೇ ಇರುತ್ತೆ. ಬಿಚ್ಚೋಕೆ ಮುಂಚೇನೇ ಅನುಮಾನ ಅಲ್ಲಿಗೆ ಹೋಯ್ತು.

ಬಿಚ್ಚುವಾಗ ಮೊದಲು ಬ್ಯಾಟರಿ ಮೈನಸ್ ತೆಗೀಲೇಬೇಕು, ಯಾಕಂದ್ರೆ ಹಿಂದಿನ ದಪ್ಪ ವೈರು ಸೀದಾ ಬ್ಯಾಟರಿ ಪ್ಲಸ್ಸಿಂದ ಬಂದಿರುತ್ತೆ, ಸ್ಪ್ಯಾನರ್ ಬಾಡಿಗೆ ತಗುಲಿದ್ರೆ ಕಿಡಿ ಹಾರುತ್ತೆ. ಪುಲ್ಲಿ ನಟ್ ಕೈಯಲ್ಲಿ ಬರ್ಲಿಲ್ಲ, ಟೈರ್ ಅಂಗಡೀಲಿ ನಟ್ ಬಿಚ್ಚೋ ಗನ್ ಹಾಕ್ಸಿ ಲೂಸ್ ಮಾಡ್ಸ್ಕೊಂಡು ಬಂದೆ. ಎರಡು ಕವರ್ ಸೇರೋ ಜಾಗಕ್ಕೆ ಅಡ್ಡಲಾಗಿ ಮಾರ್ಕರಲ್ಲಿ ಗೆರೆ ಎಳೆದೆ, ಬ್ರಷ್ ಇರೋ ರೆಗ್ಯುಲೇಟರನ್ನ ಮೊದಲೇ ತೆಗೆದೆ (ಇಲ್ಲಾಂದ್ರೆ ರೋಟರ್ ಎಳೆಯುವಾಗ ಬ್ರಷ್ ಮುರಿಯುತ್ತೆ), ಉದ್ದದ ಬೋಲ್ಟ್ ಬಿಚ್ಚಿ ಮರದ ಸುತ್ತಿಗೇಲಿ ಮೆಲ್ಲಗೆ ತಟ್ಟಿದೆ, ಬಂತು. ಸ್ಕ್ರೂಡ್ರೈವರ್ ಆಳಕ್ಕೆ ತೂರ್ಸ್‌ಬೇಡಿ, ಕಾಯಿಲ್ ವೈರಿನ ವಾರ್ನಿಷ್ ಕಿತ್ತೋಗುತ್ತೆ.

ರೋಟರ್: ಎರಡು ಸ್ಲಿಪ್ ರಿಂಗ್ (ಬ್ರಷ್ ಉಜ್ಜೋ ತಾಮ್ರದ ಬಳೆ) ಮಧ್ಯೆ 3 ಓಮ್ ಚಿಲ್ಲರೆ ಬಂತು, ಸಾಮಾನ್ಯವಾಗಿ 2ರಿಂದ 5 ಒಳಗೆ ಇರುತ್ತೆ. ಮೀಟರಿನ ಪ್ರೋಬ್ ಎರಡನ್ನೂ ಒಂದಕ್ಕೊಂದು ಮುಟ್ಟಿಸಿದಾಗ ಬರೋದನ್ನ ಅದ್ರಲ್ಲಿ ಕಳೀಬೇಕು. ರಿಂಗಿಂದ ಶಾಫ್ಟಿಗೆ ಕಂಟಿನ್ಯುಟಿ (ಕರೆಂಟ್ ಹರಿಯೋ ದಾರಿ) ಇರ್ಬಾರ್ದು, ಇರ್ಲಿಲ್ಲ. ಸ್ಟೇಟರ್: ಮೂರು ವೈರುಗಳ ಮಧ್ಯೆ ಹೆಚ್ಚುಕಮ್ಮಿ ಸೊನ್ನೆ, ಬಾಡಿಗೆ ಏನೂ ಇಲ್ಲ. ಆದ್ರೆ ಒಳಗೆ ಒಂದೆರಡು ಸುತ್ತು ಶಾರ್ಟ್ ಆಗಿದ್ರೆ ಮೀಟರಿಗೆ ಗೊತ್ತಾಗಲ್ಲ, ಕಣ್ಣು ಮೂಗು ಬೇಕು. ಕಪ್ಪಗಾಗಿ ಸುಟ್ಟ ವಾಸನೆ ಬಂದ್ರೆ ಅನುಮಾನ ಪಡಿ. ನಂದು ಕೆಂಪಗೆ ಚೆನ್ನಾಗಿತ್ತು.

ಡಯೋಡ್ ಚೆಕ್ ಮಾಡೋಕೆ ಸ್ಟೇಟರ್ ವೈರುಗಳ ಬೆಸುಗೆ ಬಿಚ್ಚಲೇಬೇಕು, ಜೋಡ್ಸ್ಕೊಂಡೇ ನೋಡಿದ್ರೆ ಒಂದು ಶಾರ್ಟ್ ಆಗಿದ್ರೂ ಅದ್ರ ಸಾಲಿನವೆಲ್ಲ ಕೆಟ್ಟಂಗೆ ಕಾಣ್ತವೆ. 25 ವಾಟ್ ಸೋಲ್ಡರಿಂಗ್ ಐರನ್ ಇದಕ್ಕೆ ಸಾಲಲ್ಲ, ಆ ದಪ್ಪ ಪ್ಲೇಟು ಬಿಸೀನೆಲ್ಲ ಎಳ್ಕೊಂಡ್‌ಬಿಡುತ್ತೆ, 60 ವಾಟ್ ತಗೊಳ್ಳಿ. ಮೀಟರ್ ಡಯೋಡ್ ರೇಂಜಲ್ಲಿ ಇಟ್ಟು ಒಂದು ಕಡೆಯಿಂದ ಹಿಡಿದ್ರೆ 0.5 ಆಸುಪಾಸು, ಪ್ರೋಬ್ ಅದಲುಬದಲು ಮಾಡಿದ್ರೆ ಓಪನ್. ಐದು ದೊಡ್ಡ ಡಯೋಡು ಹಂಗೇ ತೋರಿಸ್ತು. ಆರನೇದು, ಪಾಸಿಟಿವ್ ಪ್ಲೇಟಿನ ಮೂಲೇದು, ಎರಡೂ ಕಡೆ ಬಹುತೇಕ ಸೊನ್ನೆ, ಮೀಟರು ಬೀಪ್ ಅಂತ ಕೂಗ್ತು.

ಆ ಮೂಲೆ ನೋಡಿದ್ರೆ ಕಾರಣಾನೂ ಅಲ್ಲೇ ಕೂತಿತ್ತು. ಮೇಲಿನ ವಾಲ್ವ್ ಕವರಿಂದ ಆಯಿಲ್ ಜಿನುಗಿ ಆಲ್ಟರ್ನೇಟರ್ ಹಿಂಭಾಗಕ್ಕೆ ಬಿದ್ದು, ಅದಕ್ಕೆ ನಮ್ಮೂರ ಧೂಳು ಮೆತ್ಕೊಂಡು (ಕಬ್ಬು ಕಟಾವಿನ ಟೈಮಲ್ಲಿ ಟ್ರ್ಯಾಕ್ಟರ್ ಹಿಂದೆ ಹೋದೋರಿಗೆ ಆ ಧೂಳು ಗೊತ್ತು) ಪ್ಲೇಟಿನ ಸಂದಿಯೆಲ್ಲ ಕಪ್ಪು ಜಿಡ್ಡಿಂದ ಮುಚ್ಚೋಗಿತ್ತು. ಫ್ಯಾನ್ ಎಳೆಯೋ ಗಾಳಿ ಅಲ್ಲಿಗೆ ತಲುಪದೆ ಡಯೋಡ್ ಕಾದು ಕಾದು ಹೋಗಿದೆ ಅಂತ ನನ್ನ ಲೆಕ್ಕ.

ಮೈಸೂರಿಂದ ಡಯೋಡ್ ಪ್ಲೇಟ್ ತಂದೆ, ಹಳೇದನ್ನ ಕೈಯಲ್ಲೇ ಹಿಡ್ಕೊಂಡು ಹೋಗಿ ಹೋಲಿಸಿ ತರ್ಬೇಕು. ಮುಂದಿನ ಬೇರಿಂಗ್ ಖರಖರ ಅಂತಿತ್ತು, ಪಕ್ಕದಲ್ಲಿರೋ ನಂಬರ್ ನೋಡಿ ಅದನ್ನೂ ತಂದೆ. ಬ್ರಷ್ 5 ಮಿಲಿಮೀಟರಿಗಿಂತ ಜಾಸ್ತಿ ಉಳಿದಿತ್ತು, ಬದಲಾಯಿಸ್ಲಿಲ್ಲ, ರಿಂಗ್‌ಗಳಿಗೆ ನುಣ್ಣನೆ ಎಮರಿ ಪೇಪರ್ ಉಜ್ಜಿದೆ ಅಷ್ಟೆ.

ಜೋಡ್ಸಿ ಬೆಲ್ಟ್ ಟೈಟ್ ಮಾಡಿ ಸ್ಟಾರ್ಟ್ ಮಾಡಿದ್ರೆ 14.2, ಹೆಡ್‌ಲೈಟ್ ಹಾಕಿದ್ರೂ 13.9, ಎಸಿ 0.1 ಕೂಡ ಇಲ್ಲ. ಕೀ ತೆಗೆದು ಬ್ಯಾಟರಿ ಮೈನಸ್‌ಗೆ ಸೀರೀಸಲ್ಲಿ ಮೀಟರ್ ಹಾಕಿ ನೋಡ್ದೆ, ಗಾಡಿ ಆಫ್ ಇದ್ದಾಗ ಬ್ಯಾಟರಿಯಿಂದ ಹರಿಯೋ ಕರೆಂಟು 20 ಚಿಲ್ಲರೆ ಮಿಲಿಆಂಪ್, 50ರ ಒಳಗಿದ್ರೆ ಚಿಂತೆ ಇಲ್ಲ. ಅದೇ ವಾರ ವಾಲ್ವ್ ಕವರ್ ಗ್ಯಾಸ್ಕೆಟನ್ನೂ ಹಾಕ್ಸ್ದೆ, ಆಯಿಲ್ ಜಿನುಗ್ತಾನೇ ಇದ್ರೆ ಹೊಸ ಪ್ಲೇಟಿಗೂ ಅದೇ ಗತಿ.